ಮರೆಯಾದದ್ದು ಅಳಿದಿಲ್ಲ: ಮಠದ ತೋಟದ ಗುರು ಗ್ರೆಗೋರ್ ಮೆಂಡೆಲ್

ಹತ್ತನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಮೆಂಡೆಲ್ ಎಂಬ ಹೆಸರು ಅಪರಿಚಿತವಲ್ಲ. ವಿಜ್ಞಾನದ ಪುಸ್ತಕದಲ್ಲಿ ಅನುವಂಶೀಯತೆಯ ಪಾಠ ಬಂದೊಡನೆ ಬಟಾಣಿ ಗಿಡ, ಎತ್ತರ ಮತ್ತು ಗಿಡ್ಡ, ಮೂರಕ್ಕೆ ಒಂದು ಎಂಬ ಪ್ರಮಾಣ ಇವೆಲ್ಲವನ್ನೂ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಈ ಮೆಂಡೆಲರು ನಮ್ಮ ಧರ್ಮಸಭೆಯ ಒಬ್ಬ ಗುರು, ಮಠವಾಸಿ ಹಾಗೂ ಶಾಲೆಯ ಉಪಾಧ್ಯಾಯರಾಗಿದ್ದರು ಎಂಬ ಸಂಗತಿಯಾದರೋ ಎಷ್ಟೋ ಕಥೋಲಿಕ ಕುಟುಂಬಗಳಿಗೆ ತಿಳಿದಿಲ್ಲ. ಅವರು ಕಂಡುಕೊಂಡ ನಿಯಮವು ಕೊಡಗಿನ ಕಾಫಿ ತೋಟಗಳಲ್ಲಿಯೂ ನಮ್ಮ ಮನೆಗಳ ತೊಟ್ಟಿಲುಗಳಲ್ಲಿಯೂ ನಿತ್ಯ ನಡೆಯುತ್ತಿದೆ. ಅದನ್ನು ಸರಿಯಾಗಿ ಅರಿಯದ ಕಾರಣದಿಂದ ಸೊಸೆಯಂದಿರು ನಿಂದೆಗೆ ಗುರಿಯಾಗುತ್ತಾರೆ, ರೋಗಿಗಳು ಶಾಪಗ್ರಸ್ತರೆನಿಸಿಕೊಳ್ಳುತ್ತಾರೆ. ಆದುದರಿಂದ ಈ ವಾರ ಅವರ ಜೀವನವನ್ನು ಓದುಗರ ಮುಂದಿಡಲು ನಾವು ಬಯಸಿದ್ದೇವೆ.

ಮೆಂಡೆಲರು ಜನಿಸಿದ್ದು 1822ರ ಜುಲೈ ತಿಂಗಳಲ್ಲಿ, ಅಂದಿನ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಹೈಂಜೆನ್‌ಡಾರ್ಫ್ ಎಂಬ ಹಳ್ಳಿಯಲ್ಲಿ. ಆ ಹಳ್ಳಿ ಇಂದು ಚೆಕ್ ಗಣರಾಜ್ಯದಲ್ಲಿದೆ. ಜ್ಞಾನಸ್ನಾನದಲ್ಲಿ ಅವರಿಗೆ ಯೋಹಾನ್ ಎಂದು ಹೆಸರಿಡಲಾಯಿತು. ತಂದೆ ಆಂಟನ್ ಸಣ್ಣ ಹಿಡುವಳಿಯ ರೈತ. ವಾರದಲ್ಲಿ ಮೂರು ದಿನ ಜಮೀನ್ದಾರರ ಹೊಲದಲ್ಲಿ ಬಿಟ್ಟಿ ಚಾಕರಿ ಮಾಡಿ, ಉಳಿದ ದಿನಗಳಲ್ಲಿ ತನ್ನ ಹೊಲವನ್ನು ಉಳಬೇಕಾದ ಸ್ಥಿತಿ ಅವರದು. ತಾಯಿ ರೋಸಿನ; ಯೋಹಾನನಿಗೆ ಒಬ್ಬಳು ಅಕ್ಕ, ಒಬ್ಬಳು ತಂಗಿ. ಆ ಊರಿನ ಧರ್ಮಕೇಂದ್ರದ ಗುರುಗಳಾಗಿದ್ದ ಶ್ರೈಬರ್ ಅವರು ಪ್ರಾರ್ಥನೆಯ ಜೊತೆಗೆ ಹಣ್ಣಿನ ಗಿಡಗಳಿಗೆ ಕಸಿ ಕಟ್ಟುವ ವಿದ್ಯೆಯನ್ನೂ ಜನರಿಗೆ ಕಲಿಸುತ್ತಿದ್ದರು. ಮಣ್ಣಿನ ಮಕ್ಕಳ ನಡುವೆ ಬೆಳೆದ ಈ ಬಾಲಕನಿಗೆ ಗಿಡದ ಮೊಗ್ಗನ್ನು ಕೈಯಲ್ಲಿ ಹಿಡಿದು ನೋಡುವ ಅಭ್ಯಾಸ ಎಳವೆಯಲ್ಲಿಯೇ ಆಯಿತು.

ಬಾಲಕ ಬುದ್ಧಿವಂತನೆಂದು ಕಂಡು ಉಪಾಧ್ಯಾಯರೂ ಗುರುಗಳೂ ಅವನನ್ನು ಹೊರಗೆ ಓದಲು ಕಳುಹಿಸಬೇಕೆಂದು ತಂದೆಗೆ ಹೇಳಿದರು. ತಂದೆ ಒಪ್ಪಿದರು, ಹಣವಿರಲಿಲ್ಲ. ಟ್ರೊಪ್ಪಾವ್ ಪಟ್ಟಣದ ಪ್ರೌಢಶಾಲೆಯಲ್ಲಿ ಓದುವಾಗ ಆತನಿಗೆ ಅರ್ಧ ಊಟಕ್ಕೆ ಮಾತ್ರ ಹಣ ಕಟ್ಟಲಾಯಿತು. 1838ರಲ್ಲಿ ಬಿದ್ದ ಮರದ ದಿಮ್ಮಿಯೊಂದು ತಂದೆಯ ಎದೆಯನ್ನು ಜಜ್ಜಿತು. ಅಂದಿನಿಂದ ಹುಡುಗ ಇತರರ ಮಕ್ಕಳಿಗೆ ಪಾಠ ಹೇಳಿ ತನ್ನ ಅನ್ನವನ್ನು ತಾನೇ ಸಂಪಾದಿಸಬೇಕಾಯಿತು. ಅರೆಹೊಟ್ಟೆಯೂ ಚಿಂತೆಯೂ ಸೇರಿ ಮತ್ತೆ ಮತ್ತೆ ಹಾಸಿಗೆ ಹಿಡಿದ. ಓದು ನಿಂತೇಹೋಗುವ ಹಂತದಲ್ಲಿ ತಂಗಿ ತೆರೇಸಿಯ ತನ್ನ ಮದುವೆಗೆಂದು ಮೀಸಲಾಗಿದ್ದ ಪಾಲಿನಿಂದ ಒಂದಂಶವನ್ನು ಅಣ್ಣನ ವಿದ್ಯಾಭ್ಯಾಸಕ್ಕೆ ಬಿಟ್ಟುಕೊಟ್ಟಳು. ಈ ಋಣವನ್ನು ಮೆಂಡೆಲರು ಮರೆಯಲಿಲ್ಲ. ಮುಂದೆ ಆಕೆಯ ಮೂವರು ಗಂಡುಮಕ್ಕಳ ಓದಿಗೆ ಅವರೇ ಆಸರೆಯಾದರು. ಅವರಲ್ಲಿ ಇಬ್ಬರು ವೈದ್ಯರಾದರು.

1843ರಲ್ಲಿ ಮೆಂಡೆಲರು ಬ್ರುನ್ ನಗರದ, ಎಂದರೆ ಇಂದಿನ ಬ್ರನೋದ, ಸಂತ ತೋಮಾಸರ ಮಠವನ್ನು ಸೇರಿ ಅಗಸ್ಟೀನ್ ಸಭೆಯಲ್ಲಿ ಗ್ರೆಗೋರ್ ಎಂಬ ಹೆಸರನ್ನು ಪಡೆದರು. ಹೊಟ್ಟೆಪಾಡಿನ ನಿರಂತರ ಚಿಂತೆಯಿಂದ ಬಿಡುಗಡೆ ಬೇಕೆಂಬುದೂ ತಮ್ಮ ನಿರ್ಧಾರದಲ್ಲಿ ಸೇರಿತ್ತೆಂಬುದನ್ನು ಅವರು ತಮ್ಮ ಆತ್ಮವೃತ್ತಾಂತದಲ್ಲಿ ಮರೆಮಾಚಲಿಲ್ಲ. ದೇವರ ಕರೆ ಎಷ್ಟೋ ವೇಳೆ ಬಡತನದ ದಾರಿಯಲ್ಲಿಯೇ ಬರುತ್ತದೆ ಎಂಬುದನ್ನು ಬಲ್ಲ ನಮಗೆ ಈ ಪ್ರಾಮಾಣಿಕತೆ ಅವರ ಬಗೆಗಿನ ಗೌರವವನ್ನು ಹೆಚ್ಚಿಸುತ್ತದೆಯೇ ಹೊರತು ಕುಂದಿಸುವುದಿಲ್ಲ. 1847ರ ಆಗಸ್ಟ್ 6ರಂದು ಅವರಿಗೆ ಗುರುದೀಕ್ಷೆಯಾಯಿತು.

ದೀಕ್ಷೆಯ ಬಳಿಕ ರೋಗಿಗಳ ಹಾಗೂ ಮರಣಶಯ್ಯೆಯಲ್ಲಿದ್ದವರ ಆತ್ಮಪಾಲನೆಯ ಹೊಣೆ ಅವರಿಗೆ ಬಂದಿತು. ನರಳುವವರನ್ನು ಕಂಡು ಅವರ ಮನಸ್ಸು ಎಷ್ಟು ಕಲಕಿಹೋಗುತ್ತಿತ್ತೆಂದರೆ ಅವರೇ ಕಾಯಿಲೆ ಬಿದ್ದರು. ಮಠಾಧಿಪತಿ ಸಿರಿಲ್ ನಾಪ್ ಅವರು ಇದನ್ನು ದೋಷವೆಂದು ಎಣಿಸದೆ, ಈ ಮನುಷ್ಯನ ವರ ಬೇರೊಂದೆಡೆಯಿದೆ ಎಂದು ತಿಳಿದು, 1849ರಲ್ಲಿ ಝ್ನೈಮ್ ಪಟ್ಟಣದ ಪ್ರೌಢಶಾಲೆಗೆ ಬದಲಿ ಅಧ್ಯಾಪಕರನ್ನಾಗಿ ಕಳುಹಿಸಿದರು. ಅಲ್ಲಿ ಮೆಂಡೆಲರು ಮಕ್ಕಳ ಮೆಚ್ಚಿನ ಶಿಕ್ಷಕರಾದರು. ಆದರೆ 1850ರಲ್ಲಿ ಕಾಯಂ ಅಧ್ಯಾಪಕರ ಅರ್ಹತಾ ಪರೀಕ್ಷೆಗೆ ಕುಳಿತಾಗ ಅನುತ್ತೀರ್ಣರಾದರು. 1856ರಲ್ಲಿ ಮತ್ತೆ ಯತ್ನಿಸಿದರು. ಅಸ್ವಸ್ಥರಾಗಿ ಪರೀಕ್ಷೆಯನ್ನು ಅರ್ಧಕ್ಕೇ ಬಿಟ್ಟು ಹಿಂದಿರುಗಿದರು. ತಳಿವಿಜ್ಞಾನದ ಪಿತಾಮಹರೆಂದು ಲೋಕ ಇಂದು ಗೌರವಿಸುವ ವ್ಯಕ್ತಿ ಜೀವಮಾನವಿಡೀ ಅರ್ಹತಾಪತ್ರವಿಲ್ಲದ ಮೇಷ್ಟರಾಗಿಯೇ ಉಳಿದರು. ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ಕಣ್ಣೀರಿಡುವ ಮಕ್ಕಳಿಗೂ ಅವರನ್ನು ಗದರಿಸುವ ತಂದೆತಾಯಿಯರಿಗೂ ಇದು ತಿಳಿದಿರುವುದು ಒಳ್ಳೆಯದು.

ಆ ಮೊದಲ ಸೋಲಿನಿಂದ ಒಂದು ಒಳಿತೂ ಆಯಿತು. ಕೊರತೆಯನ್ನು ತುಂಬಿಕೊಳ್ಳಲೆಂದು ಮಠವು ಅವರನ್ನು 1851ರಿಂದ 1853ರವರೆಗೆ ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ಓದಿಸಿತು. ಭೌತವಿಜ್ಞಾನವನ್ನು ಕ್ರಿಶ್ಚಿಯನ್ ಡಾಪ್ಲರರಿಂದಲೂ ಗಣಿತದ ಸಂಯೋಜನಾ ಕ್ರಮವನ್ನು ಎಟ್ಟಿಂಗ್ಸ್‌ಹೌಸೆನ್ನರಿಂದಲೂ ಸಸ್ಯವಿಜ್ಞಾನವನ್ನು ಫ್ರಾನ್ಜ್ ಉಂಗರರಿಂದಲೂ ಕಲಿತರು. ಗಿಡವನ್ನು ಬಲ್ಲವರು ಅಂದು ಅನೇಕರಿದ್ದರು, ಲೆಕ್ಕವನ್ನು ಬಲ್ಲವರೂ ಇದ್ದರು. ಎರಡನ್ನೂ ಒಂದೇ ಮೇಜಿನ ಮೇಲೆ ತಂದಿರಿಸಿದವರು ವಿರಳ.

ಇನ್ನು ಅವರು ಹಿಡಿದ ಪ್ರಶ್ನೆಯನ್ನು ನೋಡೋಣ. ಮಗು ತಂದೆಯನ್ನೋ ತಾಯಿಯನ್ನೋ ಹೋಲುವುದೇಕೆ? ಇಬ್ಬರಲ್ಲಿಯೂ ಕಾಣದ ಲಕ್ಷಣವೊಂದು ಅಜ್ಜನಿಂದ ನೇರವಾಗಿ ಮೊಮ್ಮಗನಿಗೆ ಬಂದಂತೆ ತೋರುವುದೇಕೆ? ಹಾಲಿಗೆ ಡಿಕಾಕ್ಷನ್ ಬೆರೆಸಿದಂತೆ ತಂದೆತಾಯಿಯರ ಗುಣಗಳು ಮಕ್ಕಳಲ್ಲಿ ಬೆರೆತುಹೋಗುತ್ತವೆ ಎಂದು ಅಂದಿನವರಲ್ಲಿ ಹೆಚ್ಚಿನವರು ನಂಬಿದ್ದರು. ಒಮ್ಮೆ ಬೆರೆತ ಹಾಲನ್ನೂ ಡಿಕಾಕ್ಷನ್ನನ್ನೂ ಮತ್ತೆ ಬೇರೆ ಮಾಡಲಾಗದು. ಗುಣಗಳು ಹಾಗೆಯೇ ಬೆರೆಯುವುದಾದರೆ ಕೆಲವೇ ತಲೆಮಾರುಗಳಲ್ಲಿ ಎಲ್ಲರೂ ಒಂದೇ ಬಣ್ಣದವರೂ ಒಂದೇ ಎತ್ತರದವರೂ ಆಗಿಬಿಡಬೇಕಿತ್ತು. ಲೋಕದಲ್ಲಿ ಹಾಗೆ ಕಾಣುವುದಿಲ್ಲ. ಮಠಾಧಿಪತಿ ನಾಪ್ ಅವರು ಕುರಿ ತಳಿಗಳ ಚರ್ಚೆಯಲ್ಲಿ ಭಾಗವಹಿಸಿ, ಯಾವುದು ವಂಶಕ್ಕೆ ಇಳಿಯುತ್ತದೆ ಮತ್ತು ಹೇಗೆ ಇಳಿಯುತ್ತದೆ ಎಂಬುದೇ ಮೂಲಪ್ರಶ್ನೆಯೆಂದು 1837ರಲ್ಲಿಯೇ ಗುರುತಿಸಿದ್ದರು. ಮೆಂಡೆಲರಿಗೆ ತೋಟವನ್ನೂ ಬಿಡುವನ್ನೂ ಒದಗಿಸಿದವರು ಇದೇ ಹಿರಿಯರು. ಮಠದ ಗೋಡೆಯೊಳಗೆ ವಿಜ್ಞಾನ ಉಸಿರುಗಟ್ಟುತ್ತಿತ್ತೆಂದು ಭಾವಿಸುವವರು ಈ ಸಂಗತಿಯನ್ನು ಗಮನಿಸಬೇಕು.

ಪ್ರಯೋಗಕ್ಕಾಗಿ ಅವರು ಆರಿಸಿಕೊಂಡದ್ದು ಬಟಾಣಿ. ಬಟಾಣಿಯ ಹೂವು ತನ್ನ ದಳಗಳೊಳಗೆ ಮುಚ್ಚಿಕೊಂಡೇ ಇದ್ದು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ; ಆದ್ದರಿಂದ ಶುದ್ಧ ತಳಿ ದೊರೆಯುವುದು ಸುಲಭ. ಕೊಡಗಿನ ಓದುಗರಿಗೆ ಇದನ್ನು ತೋಟದ ಭಾಷೆಯಲ್ಲಿಯೇ ಹೇಳಬಹುದು. ಅರೇಬಿಕಾ ಕಾಫಿ ಬಹುಮಟ್ಟಿಗೆ ಬಟಾಣಿಯ ಹಾಗೆ ತನ್ನ ಹೂವಿನ ಪರಾಗದಿಂದಲೇ ಫಲ ಕಟ್ಟುತ್ತದೆ. ರೋಬಸ್ಟಾ ಹಾಗಲ್ಲ, ಅದಕ್ಕೆ ಬೇರೊಂದು ಗಿಡದ ಪರಾಗ ಗಾಳಿಯಲ್ಲಿಯೋ ಜೇನಿನ ಮೂಲಕವೋ ಬರಲೇಬೇಕು. ಆದ್ದರಿಂದಲೇ ಒಳ್ಳೆಯ ರೋಬಸ್ಟಾ ಗಿಡದ ಬೀಜ ಬಿತ್ತಿದರೆ ಸಸಿಗಳೆಲ್ಲ ತಾಯಿಯಂತೆಯೇ ಆಗುತ್ತವೆಂಬ ಭರವಸೆಯಿಲ್ಲ. ಮೆಂಡೆಲರು ರೋಬಸ್ಟಾದಂತಹ ಗಿಡವನ್ನು ಹಿಡಿದಿದ್ದರೆ ಲೆಕ್ಕವೇ ಹತ್ತುತ್ತಿರಲಿಲ್ಲ.

ಬೀಜದ ವ್ಯಾಪಾರಿಗಳಿಂದ ಅವರು 34 ತಳಿಗಳನ್ನು ತರಿಸಿ, ಎರಡು ವರ್ಷ ಬೆಳೆದು ಪರೀಕ್ಷಿಸಿ, 22ನ್ನು ಉಳಿಸಿಕೊಂಡರು. ಅವುಗಳಲ್ಲಿ ಏಳು ಜೊತೆ ಲಕ್ಷಣಗಳನ್ನು ಗುರುತಿಸಿದರು: ಕಾಳು ದುಂಡಗಿರುವುದು ಅಥವಾ ಸುಕ್ಕುಗಟ್ಟಿರುವುದು, ಕಾಳಿನ ಬೇಳೆ ಹಳದಿ ಅಥವಾ ಹಸಿರು, ಕಾಳಿನ ಸಿಪ್ಪೆಯ ಬಣ್ಣ, ಕಾಯಿಯ ಆಕಾರ, ಎಳೆಗಾಯಿಯ ಬಣ್ಣ, ಹೂ ಬಿಡುವ ಸ್ಥಾನ, ಗಿಡದ ಎತ್ತರ. 35 ಮೀಟರ್ ಉದ್ದ, 7 ಮೀಟರ್ ಅಗಲದ ಒಂದು ತುಂಡು ನೆಲವೇ ಅವರ ಪ್ರಯೋಗಶಾಲೆ. ಹೂವು ಬಲಿಯುವ ಮುನ್ನ ಮೊಗ್ಗನ್ನು ಬಿಡಿಸಿ, ಪರಾಗಕೋಶಗಳನ್ನು ಚಿಮುಟದಿಂದ ತೆಗೆದು, ಬೇರೆ ತಳಿಯ ಪರಾಗವನ್ನು ಸವರಿ, ಕೀಟಗಳು ಬಾರದಂತೆ ಚೀಲ ಕಟ್ಟುವುದು ಅವರ ಕ್ರಮ. 1856ರಿಂದ 1863ರವರೆಗೆ ಎಂಟು ಬೇಸಿಗೆಗಳಲ್ಲಿ ಸುಮಾರು 28,000 ಗಿಡಗಳು ಅವರ ಕೈಯಲ್ಲಿ ಹಾದುಹೋದವು. ಹಗಲು ಶಾಲೆಯ ಪಾಠ, ಮಠದ ಪ್ರಾರ್ಥನೆಗಳು, ನಡುವೆ ಈ ತೋಟ.

ದುಂಡು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಸಂಕರ ಮಾಡಿದಾಗ ಮೊದಲ ತಲೆಮಾರಿನ ಕಾಳುಗಳೆಲ್ಲ ದುಂಡಗೇ ಇದ್ದವು. ಸುಕ್ಕು ಎಲ್ಲಿಯೂ ಕಾಣಲಿಲ್ಲ, ಅರೆಸುಕ್ಕೂ ಇರಲಿಲ್ಲ. ಬೆರೆತುಹೋಗುವ ಸಿದ್ಧಾಂತ ಇಲ್ಲಿಯೇ ಮುರಿಯಿತು. ಈ ಕಾಳುಗಳನ್ನು ಬಿತ್ತಿ, ಗಿಡಗಳು ತಮ್ಮಷ್ಟಕ್ಕೆ ತಾವೇ ಫಲಿಸುವಂತೆ ಬಿಟ್ಟಾಗ ಎರಡನೆಯ ತಲೆಮಾರಿನಲ್ಲಿ 7,324 ಕಾಳುಗಳು ದೊರೆತವು. ಅವುಗಳಲ್ಲಿ 5,474 ದುಂಡು, 1,850 ಸುಕ್ಕು. ಹಳದಿ ಹಸಿರುಗಳ ಸಂಕರದಲ್ಲಿ 6,022 ಹಳದಿ, 2,001 ಹಸಿರು. ಎತ್ತರದ ಗಿಡಗಳು 787, ಗಿಡ್ಡ 277. ಎಲ್ಲೆಡೆಯೂ ಹೆಚ್ಚುಕಡಿಮೆ ಮೂರಕ್ಕೆ ಒಂದು. ಮಾಯವಾಯಿತೆಂದು ತೋರಿದ್ದ ಸುಕ್ಕು ಒಂದಿಷ್ಟೂ ಮಾಸದೆ, ಅಜ್ಜಿಯಲ್ಲಿ ಇದ್ದಂತೆಯೇ ಮೊಮ್ಮಗಳಲ್ಲಿ ಮರಳಿ ಬಂದಿತ್ತು. ಮರೆಯಾದದ್ದು ಅಳಿದಿರಲಿಲ್ಲ.

ಇದರ ಅರ್ಥವನ್ನು ಮಕ್ಕಳಿಗೆ ಮನೆಯಲ್ಲಿಯೇ ತೋರಿಸಬಹುದು. ಎರಡು ಬಟ್ಟಲುಗಳನ್ನು ತೆಗೆದುಕೊಳ್ಳಿ. ಒಂದು ತಾಯಿಯದು, ಒಂದು ತಂದೆಯದು. ಪ್ರತಿಯೊಂದರಲ್ಲಿಯೂ ಒಂದು ಕಾಫಿ ಬೀಜ, ಒಂದು ಕಾಳುಮೆಣಸು ಹಾಕಿ. ಕಣ್ಣು ಮುಚ್ಚಿ ಪ್ರತಿ ಬಟ್ಟಲಿನಿಂದ ಒಂದೊಂದನ್ನು ತೆಗೆಯಿರಿ. ಅದೇ ಮಗುವಿನ ಪಾಲು. ಬರೆದಿಟ್ಟುಕೊಂಡು ಅವನ್ನು ಬಟ್ಟಲಿಗೆ ಹಿಂದಿರುಗಿಸಿ, ಮತ್ತೆ ತೆಗೆಯಿರಿ. ನೂರು ಬಾರಿ ಹೀಗೆ ಮಾಡಿದರೆ ಸುಮಾರು 25 ಬಾರಿ ಎರಡೂ ಕಾಫಿ ಬೀಜ, ಸುಮಾರು 50 ಬಾರಿ ಒಂದು ಕಾಫಿ ಒಂದು ಮೆಣಸು, ಸುಮಾರು 25 ಬಾರಿ ಎರಡೂ ಮೆಣಸು ಬರುವುದನ್ನು ಕಾಣುವಿರಿ. ಕಾಫಿ ಬೀಜವನ್ನು ದುಂಡು ಗುಣವೆಂದೂ ಮೆಣಸನ್ನು ಸುಕ್ಕು ಗುಣವೆಂದೂ ತಿಳಿಯೋಣ. ಒಂದೇ ಒಂದು ಕಾಫಿ ಬೀಜವಿದ್ದರೂ ಕಾಳು ದುಂಡಗಾಗುತ್ತದೆ. ಎರಡೂ ಮೆಣಸಾದಾಗ ಮಾತ್ರ ಸುಕ್ಕು. ಆಗ 75 ದುಂಡು, 25 ಸುಕ್ಕು. ಒಂಟಿಯಾಗಿದ್ದರೂ ತೋರುವ ಗುಣ ಪ್ರಬಲ; ಜೊತೆ ಸಿಕ್ಕಾಗ ಮಾತ್ರ ತೋರುವುದು ದುರ್ಬಲ. ಪ್ರಬಲವೆಂದರೆ ಒಳ್ಳೆಯದೆಂದಾಗಲಿ ದುರ್ಬಲವೆಂದರೆ ಕೀಳೆಂದಾಗಲಿ ಅರ್ಥವಲ್ಲ. ಹೀಗೆ ಗುಣವನ್ನು ಹೊತ್ತು ಇಳಿಯುವ ಕಣಕ್ಕೆ ಇಂದು ವಂಶವಾಹಿ ಎನ್ನುತ್ತಾರೆ.

ಮೆಂಡೆಲರು ಇಲ್ಲಿಗೇ ನಿಲ್ಲಲಿಲ್ಲ. ಎರಡನೆಯ ತಲೆಮಾರಿನ ದುಂಡು ಕಾಳುಗಳೆಲ್ಲ ಒಂದೇ ಬಗೆಯವೋ ಎಂದು ತಿಳಿಯಲು 565 ಗಿಡಗಳನ್ನು ಬೆಳೆಸಿದರು. 193 ಗಿಡಗಳು ದುಂಡನ್ನೇ ಕೊಟ್ಟವು. 372 ಗಿಡಗಳಲ್ಲಿ ಮತ್ತೆ ದುಂಡೂ ಸುಕ್ಕೂ ಕೂಡಿ ಬಂದವು. ಹೊರನೋಟಕ್ಕೆ ಒಂದೇ ಎನಿಸುವ ಕಾಳುಗಳು ಒಳಗೆ ಎರಡು ಬಗೆ. ಬಟ್ಟಲಿನ ಲೆಕ್ಕದಲ್ಲಿಯೂ ಕಾಫಿ ಬೀಜ ಜೋಡಿಯಾಗಿ ಬಂದದ್ದು 25, ಮೆಣಸಿನೊಡನೆ ಬಂದದ್ದು 50. ತತ್ತ್ವಶಾಸ್ತ್ರವನ್ನು ಓದಿದವರಿಗೆ ತೋರಿಕೆ ಬೇರೆ, ಸತ್ತ್ವ ಬೇರೆ ಎಂಬ ಮಾತು ಹಳೆಯದು. ಮೆಂಡೆಲರ ಹಿರಿಮೆಯೆಂದರೆ ಅದನ್ನು ಎಣಿಸಿ ತೋರಿಸಿದ್ದು. ಬಳಿಕ ಎರಡೆರಡು ಲಕ್ಷಣಗಳನ್ನು ಒಟ್ಟಿಗೆ ಪರೀಕ್ಷಿಸಿದರು. 556 ಕಾಳುಗಳಲ್ಲಿ ದುಂಡು ಹಳದಿ 315, ದುಂಡು ಹಸಿರು 108, ಸುಕ್ಕು ಹಳದಿ 101, ಸುಕ್ಕು ಹಸಿರು 32. ಎಂದರೆ ಹೆಚ್ಚುಕಡಿಮೆ ಒಂಬತ್ತು, ಮೂರು, ಮೂರು, ಒಂದು. ಅವರು ನೋಡಿದ ಲಕ್ಷಣಗಳು ಒಂದಕ್ಕೊಂದು ಕಟ್ಟುಬೀಳದೆ ತಮ್ಮ ತಮ್ಮ ದಾರಿಯಲ್ಲಿ ಇಳಿಯುತ್ತಿದ್ದವು.

1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಬ್ರುನ್ ನಗರದ ನಿಸರ್ಗವಿಜ್ಞಾನ ಸಂಘದಲ್ಲಿ ಮೆಂಡೆಲರು ತಮ್ಮ ಫಲಿತಾಂಶವನ್ನು ಓದಿದರು. ಮರುವರ್ಷ ಅದು ಸಂಘದ ಪತ್ರಿಕೆಯಲ್ಲಿ ಅಚ್ಚಾಗಿ ಯೂರೋಪಿನ ನೂರಕ್ಕೂ ಹೆಚ್ಚು ಸಂಸ್ಥೆಗಳಿಗೆ ಹೋಯಿತು. ತಾವಾಗಿ 40 ಪ್ರತಿಗಳನ್ನು ತೆಗೆಸಿದರು. ಲೋಕ ಅದನ್ನು ಗಮನಿಸಲಿಲ್ಲ. ಮ್ಯೂನಿಕ್ಕಿನ ಪ್ರಸಿದ್ಧ ಸಸ್ಯವಿಜ್ಞಾನಿ ನೇಗೆಲಿ ಅವರೊಡನೆ 1866ರಿಂದ 1873ರವರೆಗೆ ಪತ್ರವ್ಯವಹಾರ ನಡೆಯಿತು; ಅವರಿಗೂ ಈ ಲೆಕ್ಕದ ಮಹತ್ತ್ವ ಹೊಳೆಯಲಿಲ್ಲ. ನೇಗೆಲಿಯವರು ಮೆಚ್ಚಿ ಅಭ್ಯಸಿಸುತ್ತಿದ್ದ ಹೈರಾಸಿಯಂ ಎಂಬ ಹಳದಿ ಹೂವಿನ ಗಿಡದಲ್ಲಿ ಮೆಂಡೆಲರು ವರ್ಷಗಟ್ಟಲೆ ದುಡಿದರು. ಅದರ ಸೂಕ್ಷ್ಮವಾದ ಹೂಗಳನ್ನು ಬಿಡಿಸುವುದರಲ್ಲಿ ಕಣ್ಣುಗಳು ಬಳಲಿದವು. ಬಟಾಣಿಯ ನಿಯಮ ಅಲ್ಲಿ ಕಾಣಲೇ ಇಲ್ಲ. ಆ ಗಿಡ ಬಹುತೇಕ ಪರಾಗದ ನೆರವಿಲ್ಲದೆಯೇ ಬೀಜ ಕಟ್ಟುತ್ತದೆ ಎಂಬುದು ಅಂದು ಯಾರಿಗೂ ತಿಳಿದಿರಲಿಲ್ಲ.

1868ರ ಮಾರ್ಚ್ 30ರಂದು ಸಹೋದರ ಸನ್ಯಾಸಿಗಳು ಅವರನ್ನು ಮಠಾಧಿಪತಿಯನ್ನಾಗಿ ಆರಿಸಿದರು. ತೋಟದ ಪ್ರಯೋಗಗಳಿಗೆ ಸಮಯ ಕಡಿಮೆಯಾಯಿತು. ಜೇನು ಸಾಕಿದರು, ಮಳೆ, ಗಾಳಿ, ಉಷ್ಣತೆಗಳನ್ನು ಕೊನೆಯವರೆಗೂ ಬರೆದಿಟ್ಟರು, 1870ರಲ್ಲಿ ನಗರದ ಮೇಲೆ ಬೀಸಿದ ಸುಂಟರಗಾಳಿಯನ್ನು ಶಾಸ್ತ್ರೀಯವಾಗಿ ವರ್ಣಿಸಿದರು. 1874ರಲ್ಲಿ ಸರ್ಕಾರ ಮಠಗಳ ಮೇಲೆ ಹೊಸ ತೆರಿಗೆ ಹೇರಿದಾಗ ಅದು ಅನ್ಯಾಯವೆಂದು ತಿಳಿದು ಕೊಡಲು ಒಪ್ಪಲಿಲ್ಲ. ಈ ಹಟದ ಹೋರಾಟದಲ್ಲಿ ಮಿತ್ರರನ್ನೂ ಆರೋಗ್ಯವನ್ನೂ ಕಳೆದುಕೊಂಡರು. ಮೂತ್ರಪಿಂಡದ ಕಾಯಿಲೆಯಿಂದ 1884ರ ಜನವರಿ 6ರಂದು, ಪೂರ್ವದೇಶದ ಜ್ಞಾನಿಗಳು ಬಾಲಯೇಸುವನ್ನು ಕಂಡುದನ್ನು ಸ್ಮರಿಸುವ ಹಬ್ಬದ ದಿನ, ಅವರು ಪ್ರಭುವಿನಲ್ಲಿ ನಿದ್ರಿಸಿದರು. ಅಂತ್ಯಸಂಸ್ಕಾರದ ಪೂಜೆಯ ಸಂಗೀತವನ್ನು ನಡೆಸಿದವರು ಮುಂದೆ ಲೋಕವಿಖ್ಯಾತರಾದ ಲೆಯೋಷ್ ಯಾನಾಚೆಕ್. ಬಡವರಿಗೆ ನೆರವಾದ ಮಠಾಧಿಪತಿಯನ್ನು ಕಳುಹಿಸಿಕೊಡಲು ನಗರದ ಜನ ಸೇರಿದರು. ವಿಜ್ಞಾನಿಯನ್ನು ಕಳುಹಿಸುತ್ತಿದ್ದೇವೆಂದು ಅವರಿಗೆ ತಿಳಿದಿರಲಿಲ್ಲ. ಅವರ ಖಾಸಗಿ ಕಾಗದಪತ್ರಗಳನ್ನು ಬಳಿಕ ಸುಟ್ಟುಹಾಕಲಾಯಿತು.

ಅಚ್ಚಾದ ಲೇಖನ ಉಳಿದಿತ್ತು. 1900ರಲ್ಲಿ ಹಾಲೆಂಡಿನ ಡಿ ವ್ರೀಸ್, ಜರ್ಮನಿಯ ಕೊರೆನ್ಸ್, ಆಸ್ಟ್ರಿಯಾದ ಚೆರ್ಮಾಕ್ ಎಂಬವರು ಬೇರೆ ಬೇರೆಯಾಗಿ ಸಂಕರಣದ ಪ್ರಯೋಗಗಳನ್ನು ನಡೆಸಿ ಹಳೆಯ ಬರಹಗಳನ್ನು ತಿರುವಿದಾಗ, 34 ವರ್ಷಗಳ ಹಿಂದೆಯೇ ಮಠವಾಸಿಯೊಬ್ಬರು ಎಲ್ಲವನ್ನೂ ಬರೆದಿಟ್ಟಿರುವುದನ್ನು ಕಂಡರು. ಕೊರೆನ್ಸರು ನೇಗೆಲಿಯವರ ಶಿಷ್ಯರೇ ಆಗಿದ್ದರು. ಗುರು ಕಾಣದ್ದು ಶಿಷ್ಯನಿಗೆ ಕಂಡಿತು. ಕಾಳಿನ ದುರ್ಬಲ ಗುಣ ಒಂದು ತಲೆಮಾರು ಮರೆಯಾಗಿದ್ದು ಮರಳಿದಂತೆ ಮೆಂಡೆಲರ ಶ್ರಮವೂ ಮರಳಿ ಬಂದಿತು. 1990ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಬಟಾಣಿ ಸುಕ್ಕುಗಟ್ಟಲು ಕಾರಣವಾದ ವಂಶವಾಹಿಯನ್ನೇ ಗುರುತಿಸಿದರು: ಪಿಷ್ಟವನ್ನು ಕವಲೊಡೆಸುವ ಕಿಣ್ವವೊಂದು ಕೆಲಸ ಮಾಡದಿದ್ದರೆ ಕಾಳಿನಲ್ಲಿ ಸಕ್ಕರೆಯೂ ನೀರೂ ಹೆಚ್ಚಿ, ಒಣಗಿದಾಗ ಸುಕ್ಕಾಗುತ್ತದೆ. ಏಳು ಲಕ್ಷಣಗಳಲ್ಲಿ ಉಳಿದಿದ್ದ ಕೊನೆಯ ಮೂರರ ವಂಶವಾಹಿಗಳ ವಿವರ 2025ರಲ್ಲಿ ಪ್ರಕಟವಾಯಿತು. ಜನ್ಮದ್ವಿಶತಮಾನೋತ್ಸವದ ಸಿದ್ಧತೆಯಲ್ಲಿ 2021ರಲ್ಲಿ, ಅಗಸ್ಟೀನ್ ಸಭೆಯ ಒಪ್ಪಿಗೆಯೊಡನೆ, ಬ್ರನೋದ ಸಮಾಧಿಯಿಂದ ಮೆಂಡೆಲರ ಅವಶೇಷಗಳನ್ನು ತೆಗೆದು ಅವರ ಡಿಎನ್ಎಯನ್ನೇ ಓದಲಾಯಿತು.

ಕೊಡಗಿಗೂ ಮೆಂಡೆಲರಿಗೂ ಏನು ನಂಟು ಎಂದು ಕೇಳುವವರು ತಮ್ಮ ತೋಟದ ಅರೇಬಿಕಾ ಗಿಡವನ್ನು ನೋಡಿದರೆ ಸಾಕು. ನಮ್ಮ ಹಿರಿಯರು ನೆಟ್ಟ ಎಸ್. 795 ಎಂಬ ತಳಿ, ಎಸ್. 288 ಮತ್ತು ಕೆಂಟ್ಸ್ ಎಂಬ ಎರಡು ತಳಿಗಳ ಸಂಕರದಿಂದ ಬಂದದ್ದು. ಎಲೆತುಕ್ಕು ರೋಗವನ್ನು ತಾಳಿಕೊಳ್ಳುವ ಶಕ್ತಿ ಒಂದೆಡೆಯಿಂದ, ಒಳ್ಳೆಯ ಬೀಜ ಇನ್ನೊಂದೆಡೆಯಿಂದ ಕೂಡಿಬರಲೆಂದು ತಳಿವಿಜ್ಞಾನಿಗಳು ತಲೆಮಾರು ತಲೆಮಾರು ಎಣಿಸಿ ಆರಿಸಿದರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಆರಂಭವಾಯಿತು. ನಮ್ಮ ಚೆಟ್ಟಳ್ಳಿಯ ಉಪಕೇಂದ್ರ 1946ರಲ್ಲಿ. ತುಕ್ಕಿನ ಶಿಲೀಂಧ್ರವೂ ಸುಮ್ಮನಿರದೆ ಹೊಸ ರೂಪಗಳನ್ನು ತಾಳಿ ಆ ರಕ್ಷಣೆಯನ್ನು ಭೇದಿಸಿತು. ವಿಜ್ಞಾನಿಗಳೂ ಹೊಸ ಸಂಕರಗಳನ್ನು ತಂದರು. ಈ ಕೆಲಸ ಇಂದಿಗೂ ಸಾಗಿದೆ.

ತೋಟದಿಂದ ಮನೆಯೊಳಗೆ ಬರೋಣ. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳು. 23 ತಾಯಿಯಿಂದ, 23 ತಂದೆಯಿಂದ. ಲಿಂಗವನ್ನು ನಿರ್ಧರಿಸುವ ಜೋಡಿಯಲ್ಲಿ ತಾಯಿಯದು ಎರಡೂ ಎಕ್ಸ್. ತಂದೆಯದು ಒಂದು ಎಕ್ಸ್, ಒಂದು ವೈ. ತಾಯಿ ಕೊಡುವುದು ಯಾವಾಗಲೂ ಎಕ್ಸ್. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಮೂರನೆಯದೂ ಹೆಣ್ಣಾಯಿತೆಂದು ಸೊಸೆಯನ್ನು ಹಂಗಿಸುವ ಅತ್ತೆಮಾವಂದಿರು ನಮ್ಮ ಕ್ರೈಸ್ತ ಕುಟುಂಬಗಳಲ್ಲಿಯೂ ಇಲ್ಲದಿಲ್ಲ. ಹಾಗೆ ಹಂಗಿಸುವುದು ಪ್ರೀತಿಗೆ ವಿರುದ್ಧ, ಸತ್ಯಕ್ಕೂ ವಿರುದ್ಧ. ಆಕೆಯ ಕೈಯಲ್ಲಿಲ್ಲದ ಕಾಳಿಗಾಗಿ ಆಕೆಯನ್ನು ದೂರುವುದಾಗುತ್ತದೆ. ತಂದೆಯನ್ನು ದೂರುವುದೂ ಸಲ್ಲದು. ಬಟ್ಟಲಿನಿಂದ ಕಣ್ಣುಮುಚ್ಚಿ ತೆಗೆದದ್ದರಲ್ಲಿ ಯಾರ ಆಯ್ಕೆಯೂ ಇಲ್ಲ.

ರೋಗಗಳ ಮಾತೂ ಹೀಗೆಯೇ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ನೋವನ್ನೂ ರಕ್ತಹೀನತೆಯನ್ನೂ ತರುವ ಸಿಕಲ್ ಸೆಲ್ ರೋಗವನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 1952ರಲ್ಲಿ, ನಮ್ಮ ನೆರೆಯ ನೀಲಗಿರಿಯಲ್ಲಿ. ವಯನಾಡು, ನೀಲಗಿರಿ, ಮೈಸೂರು ಸೀಮೆಯ ಕಾಡಂಚಿನ ಜನಸಮುದಾಯಗಳಲ್ಲಿ ಇದು ಹೆಚ್ಚು, ಇತರರಿಗೆ ಬಾರದೆಂದಲ್ಲ. ತಂದೆಯೂ ತಾಯಿಯೂ ಒಂದೊಂದು ಮೆಣಸನ್ನು ಬಚ್ಚಿಟ್ಟುಕೊಂಡ ಆರೋಗ್ಯವಂತರಾದರೆ, ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ. ಮೊದಲ ಮಗುವಿಗೆ ಬಂದುದರಿಂದ ಉಳಿದವರು ಪಾರಾದರೆಂದು ತಿಳಿಯಬಾರದು. ಬಟ್ಟಲಿಗೆ ಹಿಂದಿನ ಲೆಕ್ಕದ ನೆನಪಿರುವುದಿಲ್ಲ. ಇದು ಶಾಪವಲ್ಲ, ಪೂರ್ವಜರ ಪಾಪವಲ್ಲ, ಮುಟ್ಟಿದರೆ ಅಂಟುವ ಜಾಡ್ಯವೂ ಅಲ್ಲ. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಆರಂಭಿಸಿದ ರಾಷ್ಟ್ರೀಯ ಅಭಿಯಾನದಡಿ ಇದರ ರಕ್ತಪರೀಕ್ಷೆ ನಡೆಸಲಾಗುತ್ತದೆ. ಮದುವೆಗೆ ಮುನ್ನ ತಿಳಿದುಕೊಂಡರೆ ಮುಂದಿನ ದಾರಿ ಸ್ಪಷ್ಟವಾಗುತ್ತದೆ.

ಸೋದರಸಂಬಂಧದ ಮದುವೆಯ ವಿಚಾರವನ್ನೂ ಇಲ್ಲಿ ಹೇಳಲೇಬೇಕು. ಕರ್ನಾಟಕದಲ್ಲಿ ಸೋದರಮಾವನ ಮಗಳನ್ನೋ ಅಕ್ಕನ ಮಗಳನ್ನೋ ತಂದುಕೊಳ್ಳುವ ರೂಢಿ ಬಹಳ ಹಳೆಯದು. ಧರ್ಮಸಭೆಯ ಕಾನೂನಿನಲ್ಲಿ ಇವು ರಕ್ತಸಂಬಂಧದ ಅಡ್ಡಿಗೆ ಒಳಪಟ್ಟಿವೆ. ಸೋದರಸಂಬಂಧಿಗಳ ಮದುವೆಗೆ ಧರ್ಮಾಧ್ಯಕ್ಷರ ವಿನಾಯಿತಿ ಬೇಕು. ಆ ನಿಯಮ ವಂಶವಾಹಿಗಳ ತಿಳಿವಳಿಕೆಗಿಂತ ಎಷ್ಟೋ ಹಳೆಯದು, ಅದರ ಮೂಲಕಾರಣಗಳೂ ಬೇರೆ. ಆದರೆ ಮೆಂಡೆಲರ ಲೆಕ್ಕ ಅದಕ್ಕೆ ಇನ್ನೊಂದು ಕಾರಣವನ್ನು ಕೂಡಿಸುತ್ತದೆ. ಒಬ್ಬರೇ ಅಜ್ಜಿಯ ಬಳಿಯಿದ್ದ ಮೆಣಸು ಇಬ್ಬರು ಮೊಮ್ಮಕ್ಕಳಿಗೂ ಇಳಿದಿದ್ದು ಅವರ ಮಗುವಿನಲ್ಲಿ ಜೊತೆಗೂಡುವ ಸಂಭವ ಹೊರಗಿನವರಿಗಿಂತ ಹೆಚ್ಚು. ಸೋದರಸಂಬಂಧಿಗಳ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಂತರೇ. ಆದರೂ ಜನ್ಮಜಾತ ತೊಂದರೆಯ ಸಂಭವ ಸುಮಾರು ಇಮ್ಮಡಿಯಾಗುತ್ತದೆ. ಆಸ್ತಿ ಹೊರಹೋಗಬಾರದೆಂಬ ಲೆಕ್ಕ ಹಾಕುವ ಹಿರಿಯರು ಈ ಲೆಕ್ಕವನ್ನೂ ಹಾಕಲಿ. ಈಗಾಗಲೇ ಹಾಗೆ ಮದುವೆಯಾಗಿ ಕಷ್ಟದ ಮಗುವನ್ನು ಸಾಕುತ್ತಿರುವ ದಂಪತಿಗಳಿಗೆ ನಮ್ಮಿಂದ ಬೇಕಾದುದು ಉಪದೇಶವಲ್ಲ, ನೆರವು.

ಶಾಲೆಯ ಉಪಾಧ್ಯಾಯರಿಗೂ ಒಂದು ಮಾತು. ಕಿವಿಯ ಹಾಲೆ ಅಂಟಿದೆಯೋ ಜೋತಿದೆಯೋ, ನಾಲಗೆ ಸುರುಳಿಯಾಗುವುದೋ ಇಲ್ಲವೋ ಎಂದು ಮಕ್ಕಳಿಂದ ಮನೆಯವರನ್ನು ಪರೀಕ್ಷಿಸುವ ಅಭ್ಯಾಸ ವಾಡಿಕೆಯಲ್ಲಿದೆ. ಇವು ಬಟಾಣಿಯಷ್ಟು ಸರಳವಾದ ಒಂದೇ ವಂಶವಾಹಿಯ ಗುಣಗಳಲ್ಲ. ಒಂದೇ ರೂಪದ ಅವಳಿಗಳಲ್ಲಿಯೂ ಒಬ್ಬರ ನಾಲಗೆ ಸುರುಳಿಯಾಗಿ ಇನ್ನೊಬ್ಬರದು ಆಗದಿರುವುದುಂಟು. ಪುಸ್ತಕದ ಸೂತ್ರಕ್ಕೆ ತನ್ನ ಕಿವಿ ಹೊಂದಲಿಲ್ಲವೆಂದು ಯಾವ ಮಗುವೂ ತನ್ನ ತಂದೆತಾಯಿಯರನ್ನು ಶಂಕಿಸುವಂತಾಗಬಾರದು. ಎತ್ತರ, ಮೈಬಣ್ಣ, ಬುದ್ಧಿ ಇವುಗಳಲ್ಲಿ ನೂರಾರು ವಂಶವಾಹಿಗಳೂ ಊಟ, ಆರೈಕೆ, ಕಲಿಕೆಗಳೂ ಕೈಗೂಡಿಸುತ್ತವೆ.

ಮೆಂಡೆಲರ ನಿಯಮವನ್ನು ತಿರುಚಿದವರೂ ಇದ್ದರು. ಕೆಲವರ ರಕ್ತ ಮೇಲು, ಕೆಲವರದು ಕೀಳು ಎಂದು ಸಾರಿ 1933ರಲ್ಲಿ ಜರ್ಮನಿಯ ಹಿಟ್ಲರ್ ಸರ್ಕಾರ ಅಶಕ್ತರಿಗೆ ಬಲವಂತದ ಸಂತಾನಹರಣದ ಕಾನೂನು ತಂದಿತು. ಇಂತಹ ಕ್ರಮವನ್ನು ಹನ್ನೊಂದನೆಯ ಪಯಸ್ ಜಗದ್ಗುರುಗಳು 1930ರ ಪರಿಪತ್ರದಲ್ಲಿಯೇ ಖಂಡಿಸಿದ್ದರು. 1948ರಲ್ಲಿ ಸೋವಿಯತ್ ಒಕ್ಕೂಟವಾದರೋ ಮೆಂಡೆಲರ ತಳಿವಿಜ್ಞಾನವನ್ನೇ ನಿಷೇಧಿಸಿತು. ಒಬ್ಬರು ಅದನ್ನು ಕೊಲ್ಲುವ ಆಯುಧವಾಗಿಸಿದರು, ಇನ್ನೊಬ್ಬರು ಸುಳ್ಳೆಂದರು. ನಿಯಮ ಹೇಳುವುದಾದರೋ ಇಬ್ಬರಿಗೂ ವಿರುದ್ಧವಾದುದನ್ನು: ಮರೆಯಾದ ಗುಣಗಳನ್ನು ನಾವೆಲ್ಲರೂ ಹೊತ್ತಿದ್ದೇವೆ, ಯಾವ ಮನೆತನದ ರಕ್ತವೂ ನಿಷ್ಕಳಂಕವಲ್ಲ, ಯಾವುದೂ ತಿರಸ್ಕಾರಕ್ಕೆ ಅರ್ಹವಲ್ಲ.

ಆದುದರಿಂದ ಪ್ರತಿ ಕುಟುಂಬವೂ ಒಂದು ಸಣ್ಣ ಕೆಲಸ ಮಾಡಲೆಂದು ನಾವು ಕೋರುತ್ತೇವೆ. ಒಂದು ನೋಟುಪುಸ್ತಕದಲ್ಲಿ ಅಜ್ಜ, ಅಜ್ಜಿ, ಅವರ ಒಡಹುಟ್ಟಿದವರು, ಮಕ್ಕಳು, ಮೊಮ್ಮಕ್ಕಳು ಎಂದು ವಂಶವೃಕ್ಷ ಬರೆದು, ಯಾರಿಗೆ ಯಾವ ಕಾಯಿಲೆಯಿತ್ತು, ಯಾರು ಎಳವೆಯಲ್ಲಿ ತೀರಿಕೊಂಡರು ಎಂಬುದನ್ನು ಹಿರಿಯರು ಬದುಕಿರುವಾಗಲೇ ಕೇಳಿ ದಾಖಲಿಸಿರಿ. ನಾಚಿಕೆಯಿಂದ ಮುಚ್ಚಿಟ್ಟ ಹೆಸರುಗಳನ್ನೂ ಅದರಲ್ಲಿ ಸೇರಿಸಿರಿ. ವೈದ್ಯರ ಬಳಿಗೆ ಹೋಗುವಾಗ ಜೊತೆಗೆ ಒಯ್ಯಿರಿ. ಬರೆಯುವ ಕೆಲಸವನ್ನು ಹತ್ತನೆಯ ತರಗತಿಯ ಮಗುವಿಗೇ ವಹಿಸಿದರೆ ಪಾಠವೂ ಆಯಿತು, ಮನೆಗೆ ಉಪಕಾರವೂ ಆಯಿತು.